ಸ್ಪೀಕರಿನೊಳಗಿನ ಹಳ್ಳ

"ಬರ್ಲಾ, ಸೋಯ್ಲಾ?"

ವಾಕಿಟಾಕಿಯಲ್ಲಿ ಗಂಡ ಔರೇಲಿಯೊನ ದನಿ. ಹೇಸರಗತ್ತೆಯ ಮೇಲೆ ಎರಡು ಕ್ಯಾನ್ ಹಾಲು ಹೇರಿಕೊಂಡು ಅವನು ಹಳ್ಳದ ಆಚೆ ದಡದಲ್ಲಿ ನಿಂತಿದ್ದ.

ಸೋಯ್ಲಾ ಅಡುಗೆಮನೆಯ ಗೋಡೆಯಲ್ಲಿ, ಮೇರಿ ಮಾತೆಯ ಪಟದ ಕೆಳಗೆ ತೂಗುಹಾಕಿದ್ದ ಸ್ಪೀಕರಿಗೆ ಕಿವಿಗೊಟ್ಟಳು. ಬೆಳಗಿನಿಂದ ಜ್ವಾಲಾಮುಖಿಯ ನೆತ್ತಿ ಮೋಡದಲ್ಲಿ ಮುಳುಗಿತ್ತು. ಮೇಲೆ ಮಳೆ ಬಿದ್ದರೆ ಹಳೆಯ ಬೂದಿಯೆಲ್ಲ ಕೆಸರಾಗಿ, ಬಂಡೆಗಳನ್ನು ಉರುಳಿಸಿಕೊಂಡು ಈ ಹಳ್ಳದಲ್ಲೇ ಇಳಿಯುತ್ತದೆ. ಮನೆಗೆ ಹಳ್ಳ ಹತ್ತಿರವೇ, ಆದರೆ ಮಂಜಿನಲ್ಲಿ ಕಾಣುವುದಿಲ್ಲ. ಅದಕ್ಕೇ ಜನ ದಾಟುವ ಜಾಗದಲ್ಲಿ ಒಂದು ಮೈಕ್ ಹೂತಿಟ್ಟು, ಇಲ್ಲಿ ಅಂಗೈಯಗಲದ ಲಿನಕ್ಸ್ ಕಂಪ್ಯೂಟರೊಂದನ್ನು ಕೂರಿಸಿದ್ದರು. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಹಳ್ಳದ ಸದ್ದನ್ನು ಆಗಿಂದಾಗಲೇ ಮನೆಗೆ ಮುಟ್ಟಿಸುವುದೊಂದೇ ಅದರ ಕೆಲಸ. ದಾಟಿ ಎನ್ನುವುದು, ನಿಲ್ಲಿ ಎನ್ನುವುದು ಸೋಯ್ಲಾಳ ಪಾಲಿಗೆ ಬಂದಿತ್ತು. ಆರು ವರ್ಷದಲ್ಲಿ ಅವಳ ಮಾತು ಒಮ್ಮೆಯೂ ತಪ್ಪಿರಲಿಲ್ಲ. ಹೆದರಿಕೆಯೂ ಒಂದು ದಿನವೂ ಅವಳನ್ನು ಬಿಟ್ಟಿರಲಿಲ್ಲ.

"ಹೇಗಿದೆ ಅತ್ತಿಗೆ ಈಗ? ಒಂದು ಟಕ್ ಇಲ್ಲ, ಒಂದು ಕಟ್ ಇಲ್ಲ," ಎಂದ ಮೈದುನ ಸೆಗುಂದೊ, ಆಲೂಗಡ್ಡೆ ಸೂಪಿನ ಬಟ್ಟಲಿನಿಂದ ತಲೆಯೆತ್ತದೆ. ಊರಿನ ರೇಡಿಯೊ, ಟೀವಿ ರಿಪೇರಿಯೆಲ್ಲ ಅವನದೇ. ನೀರಿನ ಸದ್ದಿನ ನಡುವೆ ಆಗಾಗ ಏಳುತ್ತಿದ್ದ ಟಕಟಕ ಶಬ್ದ ಕಲ್ಲುರುಳಿದಂತೆಯೇ ಕೇಳುತ್ತಿತ್ತು. ಹಗ್ಗವನ್ನು ಹಾವೆಂದು ಹೆದರಿ ಹೆದರಿ ಸಾಕಾಗಿ, ಸೋಯ್ಲಾಳೇ ಹಟ ಹಿಡಿದು ಇವತ್ತು ಬೆಳಿಗ್ಗೆ ಅದನ್ನು ಸರಿಮಾಡಿಸಿದ್ದಳು.

"ಚೆನ್ನಾಗಿದೆ ಕಣಪ್ಪ. ಹಳ್ಳ ಅಡುಗೆಮನೇಲೇ ಹರೀತಿದೆ ಅನ್ಸುತ್ತೆ."

"ಏನೇ, ನಿದ್ದೆ ಹೋದ್ಯಾ?" ಎಂದಿತು ವಾಕಿಟಾಕಿ. "ಹಾಲು ಒಡೆದ್ರೆ ನಿಮ್ಮಮ್ಮ ಕುಡೀತಾಳಾ? ಬರ್ಲಾ, ಬೇಡ್ವಾ?"

ಸ್ಪೀಕರಿನಲ್ಲಿ ತೆಳ್ಳಗೆ ಹರಿಯುವ ನೀರು ಬಿಟ್ಟರೆ ಬೇರೇನಿಲ್ಲ. ಸೋಯ್ಲಾ ಗುಂಡಿಯೊತ್ತಿ, "ಬನ್ನಿ, ಏನೂ ಇಲ್ಲ," ಎಂದಳು.

ವಾಕಿಟಾಕಿ ಕೆಳಗಿಡುವಷ್ಟರಲ್ಲಿ ಕಿಟಕಿಯ ಗಾಜು ನಡುಗಿತು. ಸೆಗುಂದೊನ ಬಟ್ಟಲಿನಲ್ಲಿ ಸೂಪು ತುಳುಕಿತು. ಸ್ಪೀಕರಿನಲ್ಲಿ ಮಾತ್ರ ಅದೇ ತೆಳ್ಳನೆಯ ನೀರು. ಸೋಯ್ಲಾ ಸೆಗುಂದೊನತ್ತ ತಿರುಗಿದಳು.

"ಏನ್ ಮಾಡಿದ್ದೀಯ ಇದಕ್ಕೆ?"

ಚಮಚ ಅವನ ಕೈಯಲ್ಲೇ ಉಳಿಯಿತು. "ಸದ್ದು ತುಂಡಾಗ್ಬಾರ್ದು ಅಂತ... ಮೊದ್ಲು ಒಂದಿಷ್ಟು ಕೂಡಿಟ್ಕೊಂಡು ಆಮೇಲೆ ಬಿಡೋ ಹಾಗೆ ಮಾಡಿದ್ದೀನಿ."

"ಒಂದಿಷ್ಟು ಅಂದ್ರೆ?"

"ಇಪ್ಪತ್ತು ಸೆಕೆಂಡು, ಅತ್ತಿಗೆ. ಈಗ ಕೇಳ್ತಿರೋದು ಅಷ್ಟು ಹಿಂದಿನದು."

ಅವಳು ವಾಕಿಟಾಕಿಗೆ ಬಾಯಿಟ್ಟು ಕಿರುಚಿದಳು. "ಹಿಂದೆ ಹೋಗಿ. ಹಾಲು ಹಾಳಾಗ್ಲಿ, ಹಿಂದೆ ಹೋಗ್ರೀ." ಗುಂಡಿ ಬಿಟ್ಟು ಕಾದಳು. ವಾಕಿಟಾಕಿಯಲ್ಲಿ ಬರಿಯ ಗರಗರ. ಅಷ್ಟರಲ್ಲಿ ಗೋಡೆಯಾಚೆಯಿಂದ, ನೂರು ಲಾರಿ ಒಟ್ಟಿಗೆ ಜಲ್ಲಿ ಸುರಿದಂತೆ ಹಳ್ಳದ ನಿಜವಾದ ಸದ್ದು ಬಂದು ಮನೆಯನ್ನೇ ಅಲುಗಿಸಿ ಕೆಳಗಿನ ಹೊಲಗಳತ್ತ ಸರಿಯತೊಡಗಿತು.

ಆಗ ಸ್ಪೀಕರಿನಲ್ಲಿ, ದಡದಲ್ಲಿದ್ದ ಔರೇಲಿಯೊನ ವಾಕಿಟಾಕಿಯಿಂದ ಹೊರಟ ಅವಳದೇ ದನಿ ಸ್ಪಷ್ಟವಾಗಿ ಕೇಳಿಸಿತು: "ಬನ್ನಿ, ಏನೂ ಇಲ್ಲ." ಅದರ ಹಿಂದೆಯೇ ಹೇಸರಗತ್ತೆಯ ಗೊರಸುಗಳು ನೀರಿಗಿಳಿದವು.

ಸೆಗುಂದೊ ಎದ್ದು ತಂತಿ ಕೀಳಲು ಹೋದ. ಸೋಯ್ಲಾ ಅವನ ಕೈ ಹಿಡಿದಳು.

ಹಳ್ಳದಲ್ಲಿ ಆಗಬೇಕಾದ್ದು ಆಗಿ ಮುಗಿದಿತ್ತು. ಅವಳಿಗೆ ಅದಿನ್ನೂ ಕೇಳಿಸಬೇಕಿತ್ತು.