ವೈಶಾಖದ ಧಾಬಳಿ

ಅತ್ತೆ ಪ್ರೇಮಾವತಿಬಾಯಿ ಆಗಷ್ಟೇ ಸ್ನಾನ ಮುಗಿಸಿ, ಗಳದ ಮೇಲೆ ಒಣಗಿದ್ದ ಮಡಿಸೀರೆಯನ್ನು ಕೋಲಿನಿಂದ ಇಳಿಸುತ್ತಿದ್ದರು. ಸೀರೆ ಜಾರಿತು. ಅಲ್ಲೇ ಹಾದುಹೋಗುತ್ತಿದ್ದ ರೇಣು, ತನ್ನ ಸ್ನಾನ ಇನ್ನೂ ಆಗಿಲ್ಲವೆನ್ನುವುದನ್ನೂ ಮರೆತು, ಎರಡೂ ಕೈ ಚಾಚಿ ಹಿಡಿದುಬಿಟ್ಟಳು. ನೆಲಕ್ಕೆ ತಾಗೀತೆಂದು ಅತ್ತೆ ಇನ್ನೊಂದು ತುದಿ ಹಿಡಿದರು. ಹಿಡಿದ ಮೇಲೆ ಇಬ್ಬರಿಗೂ ಗೊತ್ತಾಯಿತು. ಒಂದೇ ಏಟಿಗೆ ಸೀರೆಯೂ ಮೈಲಿಗೆ, ಅತ್ತೆಯೂ ಮೈಲಿಗೆ!

ಬೈಗುಳ ರೇಣುವಿಗೆ ಹೊಸದಲ್ಲ, ಹೆದರಿಕೆಯೆಲ್ಲ ನೀರಿನದು. ಬಿಸಿಲು ಏರಿದಾಗಿನಿಂದ ಸದಾಶಿವ ಪೇಠದ ಆ ಮೂರನೇ ಮಹಡಿಗೆ ದಿನ ಬಿಟ್ಟು ದಿನ ನೀರು. ಈ ಸಲ ಆ ದಿನವೂ ನಲ್ಲಿ ಬರೀ ಗಾಳಿ ಬಿಟ್ಟಿತ್ತು. ಉಳಿದದ್ದು ಅರ್ಧ ಡ್ರಮ್ಮು. ಅಕ್ಷಯ ತದಿಗೆ ಬೇರೆ. ಹಬ್ಬದ ಅಡಿಗೆ, ಪಾತ್ರೆ, ತೀರಿಕೊಂಡ ಮಾವನ ಹೆಸರಿನಲ್ಲಿ ದಾನ ಕೊಡುವ ನೀರಿನ ಕೊಡ, ನಾಳೆಯವರೆಗೆ ಕುಡಿಯುವುದು, ಎಲ್ಲಕ್ಕೂ ಅಷ್ಟೇ. ಅತ್ತೆ ಮತ್ತೆ ಮಿಂದು, ಸೀರೆ ಮತ್ತೆ ಹಿಂಡಿದರೆ ಮೂರು ಬಕೆಟ್ ಹೋಯಿತೆಂದೇ ಲೆಕ್ಕ. ಮೀಯದೆ ಬಿಡುವ ಹೆಂಗಸೇ ಅದು? ಚಳಿಜ್ವರದಲ್ಲಿ ನಡುಗುತ್ತಿದ್ದಾಗಲೂ, ಬೆಕ್ಕು ಸೋಕಿತೆಂದು ತಲೆಯ ಮೇಲೆ ತಣ್ಣೀರು ಸುರುವಿಕೊಂಡವರು!

ಅಷ್ಟರಲ್ಲಿ ರೇಣುವಿನ ಗಂಡ ಪ್ರಲ್ಹಾದ ಫೋನು ಹಿಡಿದು ಒಳಗೆ ಬಂದ. "ಟ್ಯಾಂಕರ್‌ನಂವಾ 'ಉದ್ಯಾ, ಉದ್ಯಾ' ಅಂತಾನ. ನಾಳಿತನಕಾ ಹನಿ ನೀರಿಲ್ಲ," ಎಂದವನು ಇಬ್ಬರ ಕೈಯಲ್ಲಿದ್ದ ಸೀರೆ ನೋಡಿ ಫೋನು ಜೇಬಿಗಿಳಿಸಿದ.

"ತಪ್ಪಾತ್ರಿ ಅತ್ಯಾ," ಎಂದಳು ರೇಣು. "ನೀವು ಸ್ನಾನಾ ಮಾಡ್ರಿ. ನಾ ಕೆಳಗಿನ ಮನ್ಯಾಗ ಎರಡು ಕೊಡಾ ಕೇಳಿ ನೋಡ್ತೀನಿ."

"ಅವರ ಮನ್ಯಾಗೇನ್ ಕೃಷ್ಣಾ ಹೊಳಿ ಹರೀತದೇನು?"

"ಅವ್ವಾ, ಇವತ್ತೊಂದಿನ ಹಂಗ ನಡಸು. ಯಾರ್ ನೋಡ್ತಾರ?" ಎಂದ ಪ್ರಲ್ಹಾದ.

"ನಾ ನೋಡ್ತೀನಲ್ಲೋ, ಶಾಣ್ಯಾ!"

ಪ್ರೇಮಾವತಿಬಾಯಿ ಡ್ರಮ್ಮಿನ ಹತ್ತಿರ ಹೋಗಿ ಒಳಗೆ ಇಣುಕಿದರು. ಆಮೇಲೆ ಸರಸರನೆ ಹೋಗಿ ತಮ್ಮ ಟ್ರಂಕು ತೆಗೆದರು. ಬಟ್ಟೆಯೆಲ್ಲ ಮಗುಚಿ, ತಳದಿಂದ ಎಳೆದದ್ದು ಧಾಬಳಿ. ಕಂಬಳಿಯಷ್ಟೇ ದಪ್ಪದ, ಕೆಂಚು ಬಣ್ಣದ ಉಣ್ಣೆಯ ಮಡಿವಸ್ತ್ರ. ರೈಲಿನಲ್ಲಿ ಪ್ರಯಾಣ ಮಾಡುವಾಗ, ಇಲ್ಲವೇ ಧನುರ್ಮಾಸದ ಚಳಿಗೆ ಉಡುವಂಥದ್ದು.

"ಉಣ್ಣಿಗೆ ಮೈಲಿಗಿ ಇಲ್ಲ. ಒಗ್ಯೋದೂ ಬ್ಯಾಡ, ಹಿಂಡೋದೂ ಬ್ಯಾಡ," ಎಂದರು.

"ಹುಚ್ಚ ಹಿಡದದೇನವ್ವಾ? ಈ ಬಿಸಲಾಗ ಇದನ್ನ ಸುತಗೊಂಡು ಒಲಿ ಮುಂದ ನಿಂತ್ರ ಬೆಂದುಹೋಗ್ತಿ!"

"ಬೇಯ್ಲಿ. ನಿಮ್ಮಪ್ಪನ ಹೆಸರಲೆ ನೀರು ದಾನಾ ಕೊಡೋ ದಿನಾ, ಮೂರು ಬಕೀಟು ಗಟಾರಕ್ಕ ಹೊಯ್ದು ನಾ ಯಾವ ಪುಣ್ಯಾ ಗಳಸಲಿ?"

ರೇಣುವಿಗೆ ತಡೆಯಲಾಗಲಿಲ್ಲ. "ಮತ್ತ ಸ್ನಾನಾ, ಅತ್ಯಾ?" ಎಂದಳು, ಮೆಲ್ಲಗೆ.

ಮುದುಕಿಯ ಮುಖ ಒಂದು ಗಳಿಗೆ ಬಾಡಿತು. "ಅದು ಬಾಕಿ ಉಳೀತವಾ. ದೇವರಿಗೆ ನಾ ಹೇಳ್ಕೋತೀನಿ," ಎಂದು ಒಂದು ಉದ್ಧರಣೆ ನೀರನ್ನು ಗೋವಿಂದ ಎನ್ನುತ್ತ ನೆತ್ತಿಗೆ ಚಿಮುಕಿಸಿಕೊಂಡರು. ಮದುವೆಯಾಗಿ ಬಂದಾಗಿನಿಂದ ಈ ಮಡಿಯನ್ನು ಮನಸ್ಸಿನಲ್ಲೇ ಶಪಿಸಿದವಳು ರೇಣು. ಇವತ್ತು ಅತ್ತೆ ಅದನ್ನು ತಾವಾಗಿ ಸಡಿಲಿಸಿದಾಗ ಎಂಥ ಗಟ್ಟಿಗಿತ್ತಿ ಈಕೆ ಅನಿಸಿತು.

ಗ್ಯಾಸಿನ ಉರಿ ಆರೀತೆಂದು ಫ್ಯಾನೂ ಇಲ್ಲದ ಆ ಗೂಡಿನಂಥ ಅಡಿಗೆಮನೆಯಲ್ಲಿ ಧಾಬಳಿ ಉಟ್ಟ ಅತ್ತೆಯ ಕೈಯಿಂದಲೇ ಹೋಳಿಗೆ ಬೆಂದವು, ಸೀಕರಣೆ ಆಯಿತು. ಅಕ್ಕಿ ತೊಳೆದ ನೀರು ಮುಸುರೆ ಪಾತ್ರೆಗೆ, ಪಾತ್ರೆಯ ಕೊನೆಯ ನೀರು ಕುಂಡದ ಹೂಗಿಡಕ್ಕೆ. ಎಲ್ಲದರಲ್ಲೂ ಕೈ ಬಿಗಿಹಿಡಿದ ಅತ್ತೆ, ದಾನದ ಕೊಡವನ್ನು ಮಾತ್ರ ತುಳುಕುವಂತೆ ತುಂಬಿದರು. ಪಕ್ಕದ ವಾಡೆಯ ಭಟ್ಟರು ಉಂಡು, ಕೊಡ ಹೊತ್ತು, ಹರಸಿ ಹೋದರು.

ಆಮೇಲೆ ಅತ್ತೆ ಹೊರಗೆ ಬಂದು ಗೋಡೆಗೆ ಒರಗಿ ಕುಸಿದು ಕೂತರು. ಮುಖ ಕೆಂಡದಂತಾಗಿತ್ತು. ರೇಣು ಬೀಸಣಿಗೆ ತಂದು ಬೀಸತೊಡಗಿದಳು.

"ಅತ್ಯಾ, ಕುಡಿಯೋದು ತಗದಿಟ್ಟು ಇನ್ನೂ ಒಂದ್ ಬಕೀಟು ಉಳದದ. ಈಗರೆ ಸ್ನಾನಾ ಮಾಡ್ರಿ. ನನ್ನ ಮಾತು ಕೇಳ್ರಿ."

ಪ್ರೇಮಾವತಿಬಾಯಿ ಕಣ್ಣು ತೆರೆದರು. ಹಣೆಯಿಂದ ಮೂಗಿಗೆ, ಗದ್ದದಿಂದ ಕೊರಳಿಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅಂಗೈಯಿಂದ ಅದನ್ನು ಬಳಿದು ಸೊಸೆಯ ಮುಂದೆ ಹಿಡಿದರು.

"ಮತ್ಯಾಕವಾ? ನೆತ್ತಿಯಿಂದ ಅಂಗಾಲಿನ ತನಕಾ ತೊಯ್ದೀನಿ. ಆ ಸ್ನಾನಾ ಆತು ನೋಡು."