ಬಿಚ್ಚದ ಚಪ್ಪಲಿ

"ಬಿಚ್ಚೋ ತಮ್ಮಾ, ದಮ್ಮಯ್ಯ ಅಂತೀನಿ. ಇಲ್ಲೇ ಬಾಗಿಲ ಹತ್ರ ಇರ್ತಾವೆ, ಯಾರೂ ಒಯ್ಯಲ್ಲ," ಎಂದು ದುರ್ಗಾ ಮೂರನೇ ಸಲ ಬಗ್ಗಿದಳು. ತಿಮ್ಮೇಶ ಕಾಲ್ಬೆರಳುಗಳನ್ನು ಬಿಗಿಹಿಡಿದು ಗೋಡೆಗೆ ಒರಗಿ ನಿಂತಿದ್ದ. ದಾವಣಗೆರೆಯ ಕೆ.ಬಿ. ಬಡಾವಣೆಯ ಆ ಕಚೇರಿಯ ಬಾಗಿಲಲ್ಲಿ 'ಪಾದರಕ್ಷೆಗಳನ್ನು ಹೊರಗೆ ಬಿಡಿ' ಎಂಬ ಫಲಕವಿತ್ತು. ಒಳಗೆ ಗೋಡೆಯ ಮೇಲೆ ಹೂವು ಮುಡಿದ ದೇವರ ಪಟ, ಅದರ ಕೆಳಗೆ ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿಯ ಕುರ್ಚಿ.

ಇಪ್ಪತ್ತೆರಡು ದಿನಗಳಿಂದ ಅವನದು ಇದೇ ಹಠ. ಮಂಡಿಪೇಟೆಯಲ್ಲಿ ಯಾರದೋ ಅಂಗಡಿ ಮುಂದಿನ ಮೂಟೆಯ ಮೇಲೆ ಕೂತು ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಿದ್ದವನನ್ನು ಕಳ್ಳನೆಂದು ಠಾಣೆಗೆ ಒಯ್ದಿದ್ದರು. ಮರುದಿನ ಆಸ್ಪತ್ರೆಗೆ ತಂದು, ಹಣೆಗೆ ಪಟ್ಟಿ ಕಟ್ಟಿಸಿ, ಅಕ್ಕನ ಕೈಗೆ ಒಪ್ಪಿಸಿದ್ದರು. ಅಂದಿನಿಂದ ಚಪ್ಪಲಿ ಬಿಚ್ಚಿಲ್ಲ. ಮಲಗುವಾಗಲೂ ಚಪ್ಪಲಿ, ಸ್ನಾನಕ್ಕೂ ಚಪ್ಪಲಿ. ಹರಿಹರೇಶ್ವರನ ಗುಡಿಗೆ ಹೋದಾಗ ಜನರಿಂದ ಬೈಸಿಕೊಂಡು ಬೀದಿಯಿಂದಲೇ ಕೈಮುಗಿದು ಬಂದದ್ದಾಯಿತು. ಕುಂಟುತ್ತೀಯಲ್ಲ, ಎಲ್ಲಿ ನೋವು ಎಂದರೆ ಮೊಣಕಾಲು ತೋರಿಸುತ್ತಿದ್ದ. ಹತ್ತು ವರ್ಷದಿಂದ ತಮ್ಮನ ತಲೆಯ ಕಾಯಿಲೆಯ ಜೊತೆ ಏಗುತ್ತಿದ್ದ ದುರ್ಗಾ, ಇದೂ ಅದರದೇ ಇನ್ನೊಂದು ಆಟ ಎಂದುಕೊಂಡಿದ್ದಳು.

"ಇರ್ಲಿ ಬಿಡಮ್ಮ, ಹಂಗೇ ಕರ್ಕೊಂಡು ಬರ್ರಿ," ಎಂದರು ಒಳಗಿನಿಂದ ಅಧಿಕಾರಿ. ಒಳ್ಳೆಯ ಮನುಷ್ಯ ಅನ್ನಿಸಿತು. ದುರ್ಗಾಳಿಗೆ ಅರ್ಧ ಗೆದ್ದಷ್ಟು ಧೈರ್ಯ ಬಂತು. ಠಾಣೆಗೆ ಹೋಗುವ ಮುಂಚೆ ಇಲ್ಲದ ಹಣೆಯ ಗಾಯ ಪೊಲೀಸರ ಏಟಿನದೇ ಎಂದು ದೂರು ಕೊಟ್ಟವಳು ಅವಳೇ. 'ಬಿದ್ದಿಲ್ಲ, ಹೊಡೆದರು. ಇಷ್ಟೇ ಹೇಳು' ಎಂದು ಹರಿಹರದಲ್ಲಿ ಬಸ್ಸು ಹತ್ತಿದಾಗಿನಿಂದ ದಾವಣಗೆರೆಯಲ್ಲಿ ಇಳಿಯುವವರೆಗೂ ಅವನಿಗೆ ಕಲಿಸಿದ್ದಳು. ಬಸ್ಸಿನಲ್ಲಿ ಹತ್ತು ಸಲವೂ ಸರಿಯಾಗಿಯೇ ಹೇಳಿದ್ದ.

"ಠಾಣೆಯಾಗೆ ನಿನಗೆ ಯಾರಾದ್ರೂ ಹೊಡೆದ್ರೇನಪ್ಪ?"

ತಿಮ್ಮೇಶ ಫ್ಯಾನಿನ ಕಡೆ ನೋಡಿದ. "ಬಸ್ಸು ಎಷ್ಟೊತ್ತಿಗೆ ಐತೆ?"

"ತಿಮ್ಮೇಶಿ, ಸಾಹೇಬ್ರು ಕೇಳ್ತಾ ಅದಾರೆ..."

"ನೀವು ಹೇಳ್ಕೊಡಬ್ಯಾಡ್ರಿ. ಹೇಳಪ್ಪ, ಹಣೆಗೆ ಹೆಂಗೆ ಗಾಯ ಆತು?"

"ಬಿದ್ದೆ ಸಾರ್. ನಾನೇ ಬಿದ್ದೆ. ಯಾರೂ ಏನೂ ಮಾಡಿಲ್ಲ ಸಾರ್." ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ. ಅಕ್ಕ ಹತ್ತು ಸಲ ಕಲಿಸಿದ್ದಕ್ಕಿಂತ ಇನ್ಯಾರೋ ಕಲಿಸಿದ ಪಾಠ ಗಟ್ಟಿಯಾಗಿತ್ತು.

ಅಧಿಕಾರಿ ಆಸ್ಪತ್ರೆಯ ಚೀಟಿ ತಿರುಗಿಸಿ ತೋರಿಸಿದರು. "ಇಲ್ಲೂ 'ಬಿದ್ದು ಗಾಯ' ಅಂತ ಐತೆ. ಕೆಳಗೆ ನಿಮ್ದೇ ಸಹಿ."

"ಹಾಕಿದೆ ಸಾರ್. ಪೊಲೀಸ್ನೋರು ಪಕ್ಕದಾಗೇ ನಿಂತಿದ್ರು. ಸಹಿ ಹಾಕು, ಕರ್ಕೊಂಡು ಹೋಗು ಅಂದ್ರು. ಇವನು ಮನಿಗೆ ಬಂದ್ರೆ ಸಾಕಾಗಿತ್ತು ನನಗೆ."

"ನಿಮ್ಮ ಸಂಕಟ ನನಗೆ ತಿಳೀತೈತಮ್ಮ. ಆದ್ರೆ ಮೈಮೇಲೆ ಬೇರೆ ಗುರುತಿಲ್ಲ, ನೋಡಿದೋರಿಲ್ಲ, ಇವನೂ ಬಿದ್ದೆ ಅಂತಾನೆ. ಯಾವ ಆಧಾರದ ಮೇಲೆ ಮುಂದುವರಿಸ್ಲಿ? ಇವತ್ತಿಗೆ ದೂರು ಮುಗೀತು ಅಂತ ಬರೀಬೇಕಾಗುತ್ತೆ." ಅವರು ಪೆನ್ನಿನ ಕ್ಯಾಪು ತೆಗೆದರು. ದುರ್ಗಾಳಿಗೆ ತಮ್ಮನ ಕೆನ್ನೆಗೆ ಬಾರಿಸಿಬಿಡುವಷ್ಟು ಸಿಟ್ಟು ಬಂತು. ಮರುಕ್ಷಣವೇ, ನಾನೂ ಹೊಡೆದವರ ಸಾಲಿಗೇ ಸೇರಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

ಅಷ್ಟರಲ್ಲಿ ಆ ಠಾಣೆಯ ದಾಖಲೆಗಳನ್ನು ಹೊತ್ತುಕೊಂಡು ಒಬ್ಬ ಪೇದೆ ಬಂದ. ಬಾಗಿಲ ಫಲಕ ಅವನ ಬೂಟಿಗೆ ಲೆಕ್ಕಕ್ಕಿರಲಿಲ್ಲ. ಕಡತಗಳನ್ನು ಮೇಜಿನ ಮೇಲಿಟ್ಟು, ಸೆಲ್ಯೂಟು ಹೊಡೆದು ತಿರುಗಿದವನ ಕಣ್ಣು ತಿಮ್ಮೇಶನ ಕಾಲಿನ ಮೇಲೆ ಬಿತ್ತು. ಅವನಿಗೆ ತಿಮ್ಮೇಶ ಯಾರೆಂದೂ ಗೊತ್ತಿರಲಿಲ್ಲ; ಗದರುವುದು ಅಭ್ಯಾಸ, ಗದರಿದ.

"ಏಯ್, ದೇವ್ರ ಫೋಟೋ ಮುಂದೆ ಚಪ್ಪಲಿ ಮೆಟ್ಕೊಂಡು ಕೂತೀಯೇನೋ? ಬಿಚ್ಚು!"

ತಿಮ್ಮೇಶ ತಟ್ಟನೆ ಎದ್ದ. ಇಪ್ಪತ್ತೆರಡು ದಿನ ಅಕ್ಕ ಕಾಲು ಹಿಡಿದರೂ ಬಿಚ್ಚದಿದ್ದವನು ಎರಡೂ ಚಪ್ಪಲಿ ಬಿಚ್ಚಿ, ಗೋಡೆಯ ಬದಿಗೆ ಜೋಡಿಯಾಗಿ ಇಟ್ಟ. ಅಬ್ಬಾ, ಅಂತೂ ಬಿಚ್ಚಿದನಲ್ಲ ಎಂದು ದುರ್ಗಾ ಉಸಿರು ಬಿಡುವಷ್ಟರಲ್ಲಿ ಅವನು ನೆಲದ ಮೇಲೆ ಬೋರಲು ಮಲಗಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮೊಣಕಾಲು ಮಡಚಿ ಅಂಗಾಲುಗಳನ್ನು ಮೇಲಕ್ಕೆತ್ತಿ ಹಿಡಿದ.

ಅಂಗಾಲುಗಳ ತುಂಬ ಅಡ್ಡಡ್ಡಕ್ಕೆ ಕಪ್ಪುಗಟ್ಟಿದ ಬಾಸುಂಡೆಗಳಿದ್ದವು. ಹಿಮ್ಮಡಿಯ ಚರ್ಮ ಒಡೆದು, ಕೀವಾಗಿ, ಮತ್ತೆ ಒಣಗಿತ್ತು. ದುರ್ಗಾ ಅವನ ತಲೆ ಬಾಚಿದ್ದಳು, ಬೆನ್ನು ಉಜ್ಜಿದ್ದಳು, ಚಪ್ಪಲಿಗಾಗಿ ದಿನವೂ ಬೈದಿದ್ದಳು. ಅಂಗಾಲು ಮಾತ್ರ ನೋಡಿರಲಿಲ್ಲ. ಬಾಯಿಗೆ ಸೆರಗು ಒತ್ತಿ ಹಿಡಿದರೂ ಅಳು ನಿಲ್ಲಲಿಲ್ಲ.

"ನಾನೇನೂ ಮಾಡಿಲ್ಲ ಸಾರ್, ಬರೀ ಬಿಚ್ಚು ಅಂದೆ..." ಪೇದೆ ಬಾಗಿಲವರೆಗೆ ಹಿಂದೆ ಸರಿದ.

ಅಧಿಕಾರಿ ಪೆನ್ನು ಬಿಟ್ಟು ಎದ್ದು ಬಂದರು. "ಏಳಪ್ಪ, ಏಳು," ಎಂದು ಅವನ ಭುಜ ಹಿಡಿದರು.

ತಿಮ್ಮೇಶ ಏಳಲಿಲ್ಲ. ನೆಲಕ್ಕೆ ಕೆನ್ನೆ ಒತ್ತಿಕೊಂಡೇ ಮೆಲ್ಲಗೆ ಕೇಳಿಕೊಂಡ: "ಅಕ್ಕನ್ನ ಹೊರಗೆ ಕಳಿಸ್ರಿ ಸಾರ್. ಆಕಿ ಅಳ್ತಾಳೆ. ಆಮೇಲೆ ಹೊಡೀರಿ."