ಏಳನೆಯ ಲೈನಿನ ಸದ್ದು

ನೌಕರ ಸತ್ತ ಮೇಲೂ ಅವನ ದನಿ ಮೂರು ವರ್ಷ ಕಂಪನಿಯ ಫೋನುಗಳಿಗೆ ಉತ್ತರ ಕೊಡಬೇಕು. ನೇಮಕಾತಿ ಪತ್ರದಲ್ಲೇ ಹಾಗೆಂದು ಬರೆದಿರುತ್ತದೆ, ಯಾರೂ ಓದುವುದಿಲ್ಲ. ನಮ್ಮ ಹುಬ್ಬಳ್ಳಿ ಕಚೇರಿಯ ಏಳನೆಯ ಲೈನಿನಲ್ಲಿ ನನ್ನ ಗಂಡ ವಿರೂಪಾಕ್ಷನ ದನಿ ಇದೆ. ಇಂಟರ್ನೆಟ್ ಫೋನುಗಳ ರಿಪೇರಿ ನನ್ನ ಕೆಲಸ.

“ಗಂಗಾಂಬಿಕಾ ಅವ್ರ, ಏಳನೇ ಲೈನ್‌ನ್ಯಾಗ ಏನೋ ಗೊರಗೊರ ಅಂತೈತಂತ. ಗಿರಾಕಿಗಳು ಬೈಯಾಕತ್ತಾರ,” ಎಂದರು ಮ್ಯಾನೇಜರ್ ಹಂಚಿನಾಳ.

ಕೇಬಲ್ ಬದಲಿಸಿದೆ. ನೆಟ್ ವೇಗ ಅಳೆದೆ. ಎಲ್ಲವೂ ಸರಿಯಾಗಿತ್ತು. ಸರಿಯಾಗಿರುತ್ತದೆಂದು ನನಗೆ ಮೊದಲೇ ಗೊತ್ತಿತ್ತು.

“ಲೈನ್ ಸರಿ ಐತ್ರಿ ಸರ್. ಅದು ಅವರು ಉಸಿರು ಎಳಿಯೂ ಸದ್ದು. ಉಬ್ಬಸ ಇತ್ತಲ್ರಿ.”

“ಸತ್ತವರಿಗೆ ಉಸಿರು ಯಾಕ ಬೇಕ್ರೀ? ತಗದ್ ಬಿಡ್ರಿ. ಆಗೂದಿಲ್ಲಾಂದ್ರ ಆ ದನೀನ ಅಳಿಸಿ ಬ್ಯಾರೇದು ಹಾಕೋಣ.”

ತೆಗೆದೆ. ಎರಡು ನಿಮಿಷದ ಕೆಲಸ. ರಿಪೇರಿ ಫಾರಂನಲ್ಲಿ ದೋಷದ ಕಾರಣ ಎಂಬಲ್ಲಿ ‘ಉಸಿರು’ ಎಂದು ತುಂಬಿದೆ.

ರಿಪೇರಿಯಾದ ಮೇಲೆ ದನಿಯಿಂದ ಒಂದು, ಎರಡು ಎಂದು ಅಂಕಿ ಹೇಳಿಸಿ ನೋಡುವುದು ನಮ್ಮ ಪದ್ಧತಿ. ಆಸ್ಪತ್ರೆಯಲ್ಲಿ ಕೊನೆಯ ವಾರ ಡಾಕ್ಟರೂ ಅವನಿಂದ ದಿನಾ ಹೀಗೆಯೇ ಹೇಳಿಸುತ್ತಿದ್ದರು. ಒಂದೇ ಉಸಿರಿಗೆ ಅವನು ಆರು ದಾಟಲೇ ಇಲ್ಲ.

ಈಗ ಏಳು ಎಂದ, ಎಂಟು ಎಂದ. ನೂರಾದರೂ ನಿಲ್ಲಲಿಲ್ಲ.

ಹಂಚಿನಾಳ ನನ್ನ ಹೆಡ್‌ಫೋನ್ ತೆಗೆದುಕೊಂಡು ಕೇಳಿ ತಲೆದೂಗಿದರು.

“ಈಗ ನೋಡ್ರಿ, ಪೂರಾ ಆರಾಮಾಗ್ಯಾರ.”